ಸಾವಧಾನ

ಕನ್ನಡದಲ್ಲಿ ‘ಸಾವಧಾನ’ ಎಂಬುದೊಂದು ಮಾತುಂಟು. ಬಂಡಿ ಇಳಿಜಾರಿಗೆ ಬಂದಾಗ ಹಿರಿಯರು ‘ಸಾವಧಾನ’ ಎಂದು ಎಚ್ಚರಿಸುತ್ತಾರೆ. ಊಟಕ್ಕೆ ಕುಳಿತ ಅತಿಥಿಯನ್ನು ‘ಸಾವಧಾನವಾಗಿ ಆಗಲಿ’ ಎಂದು ಉಪಚರಿಸುತ್ತಾರೆ. ಮದುವೆಯ ಹಂದರದಲ್ಲಿ ಅಂತಃಪಟ ಸರಿಯುವ ಮುನ್ನ ಇದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಬಳಕೆಯಲ್ಲಿ ಇದಕ್ಕೆ ಅವಸರವಿಲ್ಲದಿರುವುದು ಎಂದರ್ಥ. ಆದರೆ ಮಾತನ್ನು ಬಿಡಿಸಿ ನೋಡಿದರೆ ದೊರೆಯುವ ಅರ್ಥ ಬೇರೆ. ಅವಧಾನದಿಂದ ಕೂಡಿದುದು ಸಾವಧಾನ. ಗಮನವಿಟ್ಟು ಮಾಡಿದ ಕೆಲಸವು ತಾನಾಗಿಯೇ ನಿಧಾನವಾಗುತ್ತದೆಂಬುದನ್ನು ಅನುಭವದಿಂದ ಕಂಡುಕೊಂಡ ಜನರು ಈ ಎರಡು ಅರ್ಥಗಳನ್ನು ಒಂದೇ ಮಾತಿನಲ್ಲಿ ಬೆಸೆದಿರಬೇಕು.

ಇಂದಿನ ದಿನಮಾನದಲ್ಲಿ ವೇಗವೇ ಸಾಮರ್ಥ್ಯದ ಅಳತೆಗೋಲಾಗಿದೆ. ಬೇಗ ಓದಿದವನು ಜಾಣ, ಬೇಗ ಬರೆದವನು ಪ್ರತಿಭಾವಂತ, ಬೇಗ ಮೇಲೇರಿದವನು ಯಶಸ್ವಿ. ಹಳ್ಳಿಯಲ್ಲಿ ಉಳಿದು ತನ್ನ ಹದದಲ್ಲಿ ತನ್ನ ಕೆಲಸವನ್ನು ಮಾಡಿಕೊಂಡಿರುವವನನ್ನು ಕಂಡರೆ ಒಂದು ಬಗೆಯ ಕನಿಕರ. ‘ಪಟ್ಟಣಕ್ಕೆ ಹೋಗಿದ್ದರೆ ಎಷ್ಟು ಮುಂದೆ ಬರುತ್ತಿದ್ದನೋ!’ ಎಂಬ ಉದ್ಗಾರ. ಇನ್ನೊಂದೆಡೆ, ಪಟ್ಟಣದ ಓಟದಲ್ಲಿ ಬಸವಳಿದವರು ಹಳ್ಳಿಯ ಬದುಕನ್ನು ಸ್ವರ್ಗವೆಂದು ಬಣ್ಣಿಸುವುದೂ ಉಂಟು. ಈ ಕನಿಕರ, ಈ ಬಣ್ಣನೆ ಎರಡೂ ಪೂರ್ತಿ ನಿಜವಲ್ಲ. ನಿಧಾನದ ಬದುಕಿನಲ್ಲಿ ಸೃಷ್ಟಿಶೀಲವಾದ ಕೆಲಸ ಹೇಗೆ ನಡೆಯುತ್ತದೆ, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ಅರಿಯಬೇಕಾದರೆ ಉತ್ತರ ಕನ್ನಡದ ಕಡಲಂಚಿನ ಕಾರವಾರ, ಅಂಕೋಲೆಗಳ ಕಡೆಗೆ ಒಮ್ಮೆ ದೃಷ್ಟಿ ಹಾಯಿಸುವುದು ಉಚಿತ.

ಆ ನಾಡಿನ ಗಡಿಯಾರವೇ ಬೇರೆ. ಸಹ್ಯಾದ್ರಿಯು ಕಡಲಿನ ತೀರ ಸಮೀಪಕ್ಕೆ ಬಂದು ನಿಂತಿರುವ ಆ ಇಕ್ಕಟ್ಟಾದ ನೆಲದಲ್ಲಿ ಕಾಳೀ, ಗಂಗಾವಳಿ ನದಿಗಳು ಕೊನೆಯ ಹರಿದಾರಿಯನ್ನು ಬಲು ನಿಧಾನವಾಗಿ ಕ್ರಮಿಸುತ್ತವೆ. ಭರತ ಬಂದಾಗ ಉಪ್ಪುನೀರು ಒಳನಾಡಿಗೆ ಏರುತ್ತದೆ, ಇಳಿತವಾದಾಗ ಹಿಂದಿರುಗುತ್ತದೆ. ನದಿಯ ಅಳಿವೆಗಳ ಬಳಿ ಗಜನಿ ಎಂದು ಕರೆಯುವ ತಗ್ಗು ಭೂಮಿಯಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ಅದೇ ನೆಲಕ್ಕೆ ಕಡಲ ನೀರನ್ನು ಬಿಟ್ಟರೆ ಮೀನು, ಸಿಗಡಿಗಳು ದೊರೆಯುತ್ತವೆ. ಭರತವನ್ನು ಬೇಗ ಬಾ ಎಂದು ಕರೆಯುವಂತಿಲ್ಲ. ಮಳೆಯನ್ನು ತಡೆದು ನಿಲ್ಲಿಸುವಂತಿಲ್ಲ. ಅಂಕೋಲೆಯ ಕರಿ ಇಷಾಡ ಮಾವಿಗೆ ೨೦೨೩ರಲ್ಲಿ ಭೌಗೋಳಿಕ ಮಾನ್ಯತೆ ದೊರೆತಿತು. ತೆಳು ಸಿಪ್ಪೆಯ ಆ ಹಣ್ಣು ಆತುರದ ಕೈಗೆ ಒಗ್ಗುವುದಲ್ಲ. ಕಾಯುವುದೂ ಕೆಲಸದ ಒಂದು ಅಂಗವೆಂಬುದನ್ನು ಇಲ್ಲಿಯ ಜನ ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಇಂತಹ ನಾಡಿಗೆ ೧೮೮೩ರಲ್ಲಿ ಇಪ್ಪತ್ತೆರಡು ವರ್ಷದ ತರುಣನೊಬ್ಬನು ಬಂದನು. ಅವನ ಅಣ್ಣ ಸತ್ಯೇಂದ್ರನಾಥ ಠಾಕೂರರು ಭಾರತೀಯರಲ್ಲಿ ಮೊಟ್ಟಮೊದಲಿಗೆ ಐ.ಸಿ.ಎಸ್. ಪದವಿಗೇರಿದವರು, ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಕಲಕತ್ತೆಯ ಗಜಿಬಿಜಿಯಿಂದ ದೂರವಾಗಿ, ರೈಲಿನ ಸದ್ದೇ ಇಲ್ಲದ ಆ ಪುಟ್ಟ ಬಂದರಿನಲ್ಲಿ ತಮ್ಮನಾದ ರವೀಂದ್ರನಾಥನಿಗೆ ಬೇಕಾದಷ್ಟು ಬಿಡುವು ದೊರೆಯಿತು. ಅರ್ಧಚಂದ್ರಾಕಾರದ ಕಡಲ ದಂಡೆ, ಅದರ ಅಂಚಿಗೆ ಗಾಳಿಮರಗಳ ತೋಪು, ಒಂದು ಕಡೆಯಲ್ಲಿ ಕಾಳೀ ನದಿ. ಒಂದು ಬೆಳುದಿಂಗಳ ರಾತ್ರಿ ಅವರೆಲ್ಲ ದೋಣಿಯಲ್ಲಿ ಕುಳಿತು ನದಿಯನ್ನು ಎದುರೇರಿ ಹೋದರು. ಶಿವಾಜಿಯ ಕಾಲದ ಒಂದು ಗುಡ್ಡದ ಕೋಟೆಯ ಬಳಿ ಇಳಿದರು. ಹಿಂದಿರುಗುವಾಗ ನದಿಯ ಮುಖದಲ್ಲಿ ದೋಣಿಯಿಂದಿಳಿದು ಮರಳಿನ ಮೇಲೆ ನಡೆಯುತ್ತ ಮನೆ ಸೇರಿದರು. ನಿದ್ರೆ ಬಾರದ ತರುಣ ಕವಿ ಆ ರಾತ್ರಿಯೇ ಒಂದು ಕವಿತೆಯನ್ನು ಬರೆದನು.

ಮುಂದೆ ೧೯೧೨ರಲ್ಲಿ ಪ್ರಕಟವಾದ ‘ಜೀವನಸ್ಮೃತಿ’ಯಲ್ಲಿ ರವೀಂದ್ರರು ಆ ರಾತ್ರಿಯನ್ನು ನೆನೆದಿದ್ದಾರೆ. ಸೋಜಿಗವೆಂದರೆ, ಆ ಕವಿತೆಯನ್ನು ಅವರು ಹೊಗಳಿಕೊಳ್ಳುವುದಿಲ್ಲ. ಭಾವವು ತುಂಬಿ ಹರಿಯುತ್ತಿರುವಾಗ ಬರೆದದ್ದು ಉತ್ತಮವಾಗಲೇಬೇಕೆಂದಿಲ್ಲವೆಂದೂ, ಅನುಭವದಿಂದ ತೀರ ದೂರ ನಿಂತರೂ ಸಲ್ಲದು, ತೀರ ಹತ್ತಿರ ನಿಂತರೂ ಸಲ್ಲದೆಂದೂ, ಕಾವ್ಯದ ನಿಜವಾದ ಬಣ್ಣವನ್ನು ಬಳಿಯಬಲ್ಲದ್ದು ನೆನಪಿನ ಕುಂಚವೆಂದೂ ಅವರ ಅಭಿಪ್ರಾಯದ ಸಾರ. ಕಾರವಾರದ ವಾಸದ ಹಿರಿಯ ಫಲ ಆ ಒಂದು ರಾತ್ರಿಯ ಕವಿತೆಯಲ್ಲ. ಅಲ್ಲಿ ಬರೆದು ೧೮೮೪ರಲ್ಲಿ ಪ್ರಕಟಿಸಿದ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ. ಸಕಲ ಬಂಧನಗಳನ್ನೂ ಕಡಿದುಕೊಂಡು ಪ್ರಕೃತಿಯನ್ನೇ ಗೆಲ್ಲಹೊರಟ ಒಬ್ಬ ಸಂನ್ಯಾಸಿಯನ್ನು ಅನಾಥ ಬಾಲೆಯೊಬ್ಬಳ ಪ್ರೀತಿಯು ಮತ್ತೆ ಲೋಕಕ್ಕೆ ಎಳೆದು ತರುವ ಕಥೆಯದು. ಸೀಮಿತವಾದುದರಲ್ಲಿಯೇ ಅಸೀಮವನ್ನು ಕಾಣುವ ಆನಂದ ತಮ್ಮ ಮುಂದಿನ ಬರವಣಿಗೆಗೆಲ್ಲ ವಸ್ತುವಾಯಿತೆಂದೂ, ಈ ನಾಟಕ ಅದಕ್ಕೆ ಪೀಠಿಕೆಯಂತಿದೆಯೆಂದೂ ಅವರೇ ಹೇಳಿಕೊಂಡಿದ್ದಾರೆ. ಅದರ ಕೆಲವು ಹಾಡುಗಳು ಹುಟ್ಟಿದ್ದು ಕಾರವಾರದಿಂದ ಹಿಂದಿರುಗುವಾಗ, ಹಡಗಿನ ಅಟ್ಟದ ಮೇಲೆ. ತೀರ ಕಣ್ಮರೆಯಾದ ಮೇಲೆ ಹಾಡು ಬಂದಿತೆಂಬುದು ಮನನಯೋಗ್ಯ.

ಆದರೂ ರವೀಂದ್ರರು ಅತಿಥಿಯಾಗಿ ಬಂದವರು. ಅಣ್ಣನ ಬಂಗಲೆ, ಸಿದ್ಧವಾಗಿ ಬರುವ ಊಟ, ನಾಳಿನ ಚಿಂತೆಯಿಲ್ಲದ ಹರೆಯ. ಅಂತಹ ನಿಧಾನವು ಭಾಗ್ಯವಂತರಿಗೆ ಒದಗುವ ಒಂದು ರಜೆ. ಆ ವರ್ಷದ ಕೊನೆಗೆ ಕಲಕತ್ತೆಯಲ್ಲಿ ಅವರ ವಿವಾಹವಾಯಿತು. ಬದುಕು ಬೇರೆಯ ದಾರಿ ಹಿಡಿಯಿತು. ಇಂದು ಕಾರವಾರದ ಕಡಲ ತೀರಕ್ಕೆ ಅವರ ಹೆಸರಿದೆ. ಆದರೆ ಆ ತೀರದಲ್ಲಿಯೇ ಹುಟ್ಟಿ, ಆ ತೀರದಲ್ಲಿಯೇ ಬಾಳಬೇಕಾದವರ ಪ್ರಶ್ನೆಗೆ ಒಬ್ಬ ಅತಿಥಿಯ ಅನುಭವ ಪೂರ್ಣ ಉತ್ತರವಾಗಲಾರದು. ಆ ಉತ್ತರವನ್ನು ಹುಡುಕುವವರು ಕಾರವಾರದಿಂದ ದಕ್ಷಿಣಕ್ಕೆ ಸುಮಾರು ೩೫ ಕಿಲೋಮೀಟರು ದೂರದ ಅಂಕೋಲೆಗೆ ನಡೆಯಬೇಕು.

ಅಂಕೋಲೆಯ ನೆಲದಲ್ಲಿ ಮೊದಲು ಎದುರಾಗುವವರು ನಿಧಾನವನ್ನು ಬಯಸದವರು. ೧೯೦೯ರಲ್ಲಿ ಜನಿಸಿದ ದಿನಕರ ದೇಸಾಯಿಯವರಿಗೆ ಕವಿಹೃದಯವಿತ್ತು. ಹಳ್ಳಿಯ ಮೇಲೆ ಪ್ರೀತಿಯೂ ಇತ್ತು. ಆದರೆ ಗೇಣಿದಾರರ ಬವಣೆಯನ್ನು ಕಂಡ ಕಣ್ಣಿಗೆ ಬೆಳುದಿಂಗಳು ಸಾಲದಾಯಿತು. ಅವರು ಭಾರತ ಸೇವಕ ಸಮಾಜವನ್ನು ಸೇರಿದರು. ಮುಂಬಯಿಯಲ್ಲಿ ಕಾರ್ಮಿಕರ ನಡುವೆ ದುಡಿದರು. ಉತ್ತರ ಕನ್ನಡದಲ್ಲಿ ರೈತರನ್ನು ಸಂಘಟಿಸಿ ಸರಕಾರದಿಂದ ಗಡಿಪಾರಿನ ಆಜ್ಞೆಯನ್ನು ಪಡೆದರು. ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯ ಮೂಲೆಮೂಲೆಗೆ ಪ್ರೌಢಶಾಲೆಗಳನ್ನು ಕೊಟ್ಟರು. ೧೯೬೬ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ತಲೆಯೆತ್ತಿತು. ೧೯೬೭ರಲ್ಲಿ ಲೋಕಸಭೆಗೂ ಆರಿಸಿ ಹೋದರು. ಈ ಓಡಾಟದ ನಡುವೆ ಅವರು ಬರೆದದ್ದು ಬಹುಪಾಲು ನಾಲ್ಕು ಸಾಲುಗಳ ಚುಟುಕ. ಬಿಡುವಿಲ್ಲದವನ ಕೈಯಲ್ಲಿ ಕವಿತೆಯು ನಾಲ್ಕು ಸಾಲಿಗೆ ಇಳಿದದ್ದರಲ್ಲಿ ಆಶ್ಚರ್ಯವೇನು? ಆ ನಾಲ್ಕು ಸಾಲುಗಳೇ ಕನ್ನಡದಲ್ಲಿ ಒಂದು ಪ್ರಕಾರವಾಗಿ ನೆಲೆಗೊಂಡದ್ದು ಅವರ ಹಿರಿಮೆ. ೧೯೮೨ರಲ್ಲಿ ಅವರು ನಿಧನರಾದರು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ನೆರೆಯವನು ಹಸಿದಿರುವಾಗ, ಅವನ ಮಕ್ಕಳಿಗೆ ಶಾಲೆಯಿಲ್ಲದಿರುವಾಗ, ನದಿಯ ದಂಡೆಯಲ್ಲಿ ಕುಳಿತು ಸಾವಧಾನವಾಗಿ ಬರೆಯುತ್ತೇನೆನ್ನುವುದು ಸ್ವಾರ್ಥವಲ್ಲವೇ? ದೇಸಾಯಿಯವರ ಜೀವನವೇ ಈ ಪ್ರಶ್ನೆಯನ್ನು ಕೇಳುತ್ತದೆ. ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹಳ್ಳಿಯ ಶಾಂತಿಯನ್ನು ಹೊಗಳುವ ಮಾತಿಗೆ ತೂಕವಿಲ್ಲ. ಅದಕ್ಕೆ ಉತ್ತರವಾಗಿ ಇನ್ನೊಂದು ಜೀವನವನ್ನು ಮುಂದಿಡಬಹುದು.

ಅಂಕೋಲೆ ತಾಲೂಕಿನ ದಕ್ಷಿಣದ ಎಲ್ಲೆಯಲ್ಲಿ ಗಂಗಾವಳಿ ಹರಿಯುತ್ತದೆ. ಬಹುಕಾಲ ಜನರು ದೋಣಿಯಲ್ಲಿ ದಾಟುತ್ತಿದ್ದ ಆ ನದಿಯ ಆಚೆಯ ದಡದಲ್ಲಿ ಗೋಕರ್ಣ, ಬಂಕಿಕೊಡ್ಲ, ಹನೇಹಳ್ಳಿಗಳಿವೆ. ೧೯೧೨ರಲ್ಲಿ ಗೋಕರ್ಣದಲ್ಲಿ ಜನಿಸಿದ ಗೌರೀಶ ಕಾಯ್ಕಿಣಿಯವರು ಬಂಕಿಕೊಡ್ಲದ ಆನಂದಾಶ್ರಮ ಪ್ರೌಢಶಾಲೆಯಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದರು. ಮಾನವೇಂದ್ರನಾಥ ರಾಯ್ ಅವರ ಚಿಂತನೆಯನ್ನು ಮೆಚ್ಚಿದ ಅವರು ಪಶ್ಚಿಮದ ಸಾಹಿತ್ಯವನ್ನೂ ದರ್ಶನವನ್ನೂ ತಮ್ಮ ಊರಿನಲ್ಲಿಯೇ ಕುಳಿತು ಓದಿದರು. ಓದಿದ್ದನ್ನು ಕನ್ನಡ, ಕೊಂಕಣಿಗಳಲ್ಲಿ ಬರೆದು ಹಂಚಿದರು. ವಿಶ್ವವಿದ್ಯಾಲಯದ ಗ್ರಂಥಾಲಯವಿಲ್ಲ, ವಿದ್ವತ್‌ಸಭೆಗಳಿಲ್ಲ. ಇದ್ದದ್ದು ಅಂಚೆಯಲ್ಲಿ ಬರುವ ಪುಸ್ತಕ, ಮರುದಿನದ ಪಾಠ, ಮುಂದೆ ಕುಳಿತ ಹಳ್ಳಿಯ ಹುಡುಗರು. ಒಬ್ಬ ಶಾಲಾ ಮಾಸ್ತರರು ಜಗತ್ತಿನ ವಿಚಾರಧಾರೆಗಳನ್ನು ಗಂಗಾವಳಿಯ ದಡಕ್ಕೆ ಕರೆತಂದರೆಂಬುದು ಅತಿಶಯೋಕ್ತಿಯಲ್ಲ. ೨೦೦೨ರಲ್ಲಿ ಅವರು ತೀರಿಕೊಳ್ಳುವವರೆಗೆ ಗೋಕರ್ಣವೇ ಅವರ ನೆಲೆಯಾಗಿತ್ತು.

ದೇಸಾಯಿಯವರು ಓಡಾಡಿ ಶಾಲೆಗಳನ್ನು ಕಟ್ಟಿದರು. ಕಾಯ್ಕಿಣಿಯವರಂತಹವರು ಕುಳಿತು ಶಾಲೆಗಳನ್ನು ತುಂಬಿದರು. ಕಟ್ಟುವವನ ಅವಸರವೂ ಬೇಕು, ಕಲಿಸುವವನ ಸಾವಧಾನವೂ ಬೇಕು. ಒಬ್ಬನ ಓಟಕ್ಕೆ ಇನ್ನೊಬ್ಬನ ನೆಲೆಯೇ ಅರ್ಥವನ್ನು ಕೊಡುತ್ತದೆ. ಬೋಧಿಸುವವನಿಲ್ಲದ ಶಾಲೆಯು ಬರಿಯ ಕಟ್ಟಡವಷ್ಟೆ. ಹೀಗೆ ನೋಡಿದರೆ ನಿಧಾನದ ಬದುಕು ಸ್ವಾರ್ಥವಾಗುವುದೋ ಸೇವೆಯಾಗುವುದೋ ಎಂಬುದು ಆ ನಿಧಾನದ ಫಲವನ್ನು ಯಾರು ಉಣ್ಣುತ್ತಾರೆಂಬುದರ ಮೇಲೆ ನಿಂತಿದೆ.

ಬಂಕಿಕೊಡ್ಲದ ನೆರೆಯ ಹನೇಹಳ್ಳಿಯಲ್ಲಿ ೧೯೨೮ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರ ಬಾಳು ಇದಕ್ಕೊಂದು ಅಡಿಟಿಪ್ಪಣಿಯಂತಿದೆ. ಅವರು ರಸಾಯನ ವಿಜ್ಞಾನವನ್ನು ನಚ್ಚಿ ಮುಂಬಯಿಗೆ ಹೋದರು, ಉದ್ಯಮದಲ್ಲಿ ದುಡಿದರು, ೨೦೧೪ರಲ್ಲಿ ಆ ನಗರದಲ್ಲಿಯೇ ಕಾಲವಾದರು. ಆದರೆ ಕಥೆ ಬರೆಯಲು ಕುಳಿತಾಗ ಮತ್ತೆ ಮತ್ತೆ ಎದುರಾದದ್ದು ಹನೇಹಳ್ಳಿ. ೧೯೭೯ರಲ್ಲಿ ಬಂದ ‘ಶಿಕಾರಿ’ಯು ಮುಂಬಯಿಯ ಬೇಟೆಯ ಜಗತ್ತನ್ನು ತೋರಿಸಿದರೂ ಆ ಬೇಟೆಯ ಭಯವನ್ನು ಅಳೆಯಲು ಹಳ್ಳಿಯ ಬಾಲ್ಯವೊಂದು ಹಿನ್ನೆಲೆಯಲ್ಲಿರಬೇಕಾಯಿತು. ಊರನ್ನು ಬಿಟ್ಟವರಿಗೂ ಊರಿನ ಕಾಲಮಾನವೇ ಆಸರೆಯಾಗಬಹುದು. ಸಾವಧಾನವೆಂಬುದು ವಿಳಾಸಕ್ಕಿಂತ ಹೆಚ್ಚಾಗಿ ಸ್ವಭಾವಕ್ಕೆ ಸೇರಿದ್ದೆಂಬುದಕ್ಕೆ ಇದೊಂದು ನಿದರ್ಶನ.

ನದಿಯನ್ನು ಮರಳಿ ದಾಟಿ ಅಂಕೋಲೆಗೆ ಬಂದರೆ ಅಂಬಾರಕೊಡ್ಲ ಎಂಬ ಹಳ್ಳಿ ಸಿಗುತ್ತದೆ. ಕವಿ, ನಾಟಕಕಾರ ವಿಷ್ಣು ನಾಯ್ಕರು ಬಾಳಿದ್ದು ಅಲ್ಲಿ. ಅವರೂ ಶಿಕ್ಷಕರೇ. ಪುಸ್ತಕ ಪ್ರಕಟಣೆಯೆಂದರೆ ಬೆಂಗಳೂರು, ಧಾರವಾಡ, ಮೈಸೂರುಗಳ ವ್ಯವಹಾರವೆಂದು ಎಲ್ಲರೂ ತಿಳಿದಿರುವಾಗ ಅವರು ತಮ್ಮ ಹಳ್ಳಿಯಿಂದಲೇ ರಾಘವೇಂದ್ರ ಪ್ರಕಾಶನವನ್ನು ನಡೆಸಿದರು. ಹಳ್ಳಿಯ ಪ್ರಕಾಶಕನ ಪಾಡನ್ನು ಬಲ್ಲವರೇ ಬಲ್ಲರು. ಕರಡು ಅಂಚೆಯಲ್ಲಿ ಹೋಗಿ ಬರಬೇಕು. ಮುದ್ರಣವಾದ ಪ್ರತಿಗಳು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದಂತೆ ಕಾಪಾಡಬೇಕು. ಕೊಳ್ಳುವ ಓದುಗರನ್ನು ಒಬ್ಬೊಬ್ಬರನ್ನಾಗಿ ಸಂಪಾದಿಸಬೇಕು. ಅವರು ತಮ್ಮ ಮನೆಗೆ ಕೊಟ್ಟುಕೊಂಡ ಹೆಸರು ‘ಪರಿಮಳದಂಗಳ’. ಹೆಸರಿಗೆ ತಕ್ಕಂತೆ ಅದು ಬರೆಯುವವರೂ ಓದುವವರೂ ಸೇರುವ ಅಂಗಳವಾಯಿತು. ೨೦೨೪ರಲ್ಲಿ ಅವರು ತೀರಿಕೊಂಡರು. ಒಂದು ಊರಿನಲ್ಲಿ ಸಾಹಿತ್ಯದ ಮನೆಯೊಂದಿದೆ ಎಂಬ ಭರವಸೆಯೇ ಆ ಊರಿನ ಎಳೆಯರಿಗೆ ಎಂತಹ ಧೈರ್ಯವೆಂಬುದನ್ನು ಲೆಕ್ಕಪುಸ್ತಕ ಹೇಳಲಾರದು.

ಇಲ್ಲಿಯವರೆಗೆ ಹೆಸರಿಸಿದವರೆಲ್ಲ ಅಕ್ಷರವಂತರು. ಹಳ್ಳಿಯಲ್ಲಿರುವುದೋ ಪಟ್ಟಣಕ್ಕೆ ಹೋಗುವುದೋ ಎಂಬ ಆಯ್ಕೆ ಅವರ ಮುಂದೆ ಇದ್ದಿತು. ಆಯ್ಕೆಯೇ ಇಲ್ಲದವರ ಸಾವಧಾನ ಹೇಗಿರುತ್ತದೆ? ಅದನ್ನು ತೋರಿಸಿಕೊಟ್ಟವರು ಅಂಕೋಲೆ ತಾಲೂಕಿನ ಇಬ್ಬರು ಹಾಲಕ್ಕಿ ಒಕ್ಕಲಿಗ ಮಹಿಳೆಯರು.

ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಗೆ ಹೋದವರಲ್ಲ. ಕೊರಳ ತುಂಬ ಮಣಿಸರ, ಹೆಗಲ ಮೇಲೆ ಗಂಟು ಕಟ್ಟಿದ ಸೀರೆ, ಕಂಠದಲ್ಲಿ ಎಣಿಕೆಗೆ ಸಿಗದಷ್ಟು ಹಾಡು. ಈ ಹಾಡುಗಳು ವೇದಿಕೆಗಾಗಿ ಹುಟ್ಟಿದವುಗಳಲ್ಲ. ಗದ್ದೆಯಲ್ಲಿ ನೆಟ್ಟಿಯಾಗುವಾಗ, ಒನಕೆ ಏಳುಬೀಳುವಾಗ, ಮದುವೆಯ ಚಪ್ಪರ ಏಳುವಾಗ, ಮಗು ತೊಟ್ಟಿಲಿಗೆ ಬರುವಾಗ ಅವು ಬೇಕಾದವು. ಸಾಲಾಗಿ ಬಗ್ಗಿ ಸಸಿ ನೆಡುವ ಹೆಂಗಸರಲ್ಲಿ ಒಬ್ಬಳು ಹೇಳಿದ ನುಡಿಯನ್ನು ಉಳಿದವರು ಮರಳಿ ಹೇಳುತ್ತಾರೆ. ಹಾಡು ಅವಸರಿಸಿದರೆ ಕೈ ತಪ್ಪುತ್ತದೆ. ಹಾಡು ಜಡವಾದರೆ ಕೆಲಸ ನಿಲ್ಲುತ್ತದೆ. ಆದುದರಿಂದ ಹಾಡಿನ ಲಯವೂ ಕೆಲಸದ ಲಯವೂ ಒಂದನ್ನೊಂದು ತಿದ್ದುತ್ತ ಸಾಗುತ್ತವೆ. ಕವಿತೆಯನ್ನು ಬಾಳಿನಿಂದ ಬೇರ್ಪಡಿಸಿ ಅದಕ್ಕೆಂದೇ ಬಿಡುವನ್ನು ಹುಡುಕುವವರು ಈ ಗದ್ದೆಯ ಅಂಚಿನಲ್ಲಿ ಒಂದು ಗಳಿಗೆ ನಿಂತು ಕೇಳಬೇಕು. ಇಲ್ಲಿ ಬಿಡುವಿಲ್ಲ, ಆದರೆ ಅವಧಾನವಿದೆ. ಬೆನ್ನು ನೋಯುತ್ತಿದೆ, ಆದರೆ ಹಾಡು ತಪ್ಪಿಲ್ಲ.

ತಾಯಿಯಿಂದ ಕಿವಿಗೆ, ಕಿವಿಯಿಂದ ನಾಲಿಗೆಗೆ ಬಂದ ಆ ಹಾಡುಗಳನ್ನು ಕಾರವಾರದ ಆಕಾಶವಾಣಿಯು ಧ್ವನಿಮುದ್ರಿಸಿತು. ಜಾನಪದ ವಿದ್ವಾಂಸರು ಅವರ ಮನೆಯ ಬಾಗಿಲಿಗೆ ಹೋದರು. ೨೦೧೭ರಲ್ಲಿ ಪದ್ಮಶ್ರೀ ಬಂದಿತು. ಆದರೆ ಅವರ ಬಾಳು ಹಾಡಿನಷ್ಟು ಇಂಪಾಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಮದುವೆ, ಬಡತನ, ವೈಧವ್ಯ, ಮದ್ಯವು ಸಂಸಾರಗಳನ್ನು ನುಂಗುವ ಸಂಕಟ, ಇವೆಲ್ಲವನ್ನೂ ಕಂಡುಂಡವರು. ಆ ನೋವೇ ಅವರನ್ನು ಮದ್ಯದ ವಿರುದ್ಧ ಊರಿನ ಹೆಂಗಸರನ್ನು ಒಟ್ಟುಗೂಡಿಸುವ ಹೋರಾಟಕ್ಕೆ ಇಳಿಸಿತು. ಹಳ್ಳಿಯಲ್ಲಿ ಎಲ್ಲವೂ ಶಾಂತವೆಂದು ತಿಳಿದವರಿಗೆ ಇದು ಉತ್ತರ. ಗದ್ದೆಯಲ್ಲಿ ಹಾಡಿದ ಕಂಠವೇ ಸಾರಾಯಿ ಬೇಡವೆಂದು ಕೂಗಬಲ್ಲದು. ೨೦೨೫ರ ಫೆಬ್ರವರಿ ೧೩ರಂದು ಆ ಕಂಠ ನಿಂತಿತು.

ಅದಕ್ಕೆ ಎರಡು ತಿಂಗಳು ಮೊದಲು, ೨೦೨೪ರ ಡಿಸೆಂಬರ್ ೧೬ರಂದು, ಅದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡಿದ್ದರು. ಅವರದು ಸಸಿಗಳನ್ನು ಬೆಳೆಸುವ ಕೆಲಸ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಬಹುಕಾಲ ದಿನಗೂಲಿಯಾಗಿ ದುಡಿದರು. ಯಾವ ಮರ ಯಾವಾಗ ಹೂ ಬಿಡುತ್ತದೆ, ಬೀಜ ಬಲಿತದ್ದನ್ನು ಹೇಗೆ ತಿಳಿಯಬೇಕು, ಕಾಡಿನ ಸಾವಿರ ಮರಗಳಲ್ಲಿ ಬೀಜಕ್ಕೆ ತಕ್ಕ ತಾಯಿಮರ ಯಾವುದು ಎಂಬುದು ಅವರಿಗೆ ಕಣ್ಣಳತೆಯಲ್ಲಿ ಗೊತ್ತಿತ್ತು. ಪದವೀಧರರು ಅವರ ಬಳಿ ಬಂದು ಕೇಳಿ ತಿಳಿಯುತ್ತಿದ್ದರು. ೨೦೨೦ರ ಸಾಲಿನ ಪದ್ಮಶ್ರೀಯನ್ನು ಸ್ವೀಕರಿಸಲು ೨೦೨೧ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ಹಾಸುಗಂಬಳಿಯ ಮೇಲೆ ಅವರು ಬರಿಗಾಲಲ್ಲಿ ನಡೆದು ಬಂದದ್ದನ್ನು ದೇಶವೇ ನೋಡಿತು. ಆ ಪಾದಗಳಿಗೆ ಅದು ಹೊಸ ನಡಿಗೆಯೇನಲ್ಲ. ಕಾಡಿನಲ್ಲಿ ನಡೆದಂತೆಯೇ ಅಲ್ಲಿಯೂ ನಡೆದರು.

ಸಸಿ ಬೆಳೆಸುವುದನ್ನು ಸೃಷ್ಟಿಶೀಲ ಕೆಲಸವೆನ್ನಬಹುದೇ ಎಂದು ಯಾರಾದರೂ ಕೇಳಿಯಾರು. ಸೃಷ್ಟಿಯೆಂಬ ಮಾತಿನ ಮೊದಲ ಅರ್ಥವೇ ಇಲ್ಲದ್ದನ್ನು ಇರುವಂತೆ ಮಾಡುವುದು. ಒಂದು ಹಿಡಿ ಬೀಜದೊಳಗೆ ಒಂದು ಕಾಡನ್ನು ಕಂಡು, ಅದು ನೆಲದಿಂದ ತಲೆಯೆತ್ತುವವರೆಗೆ ನೀರೆರೆಯುತ್ತ ಕಾಯುವವಳು ಕವಿಗಿಂತ ಬೇರೆಯೇನನ್ನು ಮಾಡುತ್ತಾಳೆ? ಬೀಜ ಬಲಿಯುವ ಮುನ್ನ ಕೊಯ್ದರೆ ಅದು ಮೊಳೆಯದು. ಬಲಿತು ಉದುರಿದ ಮೇಲೆ ಹೋದರೆ ಅಳಿಲು, ಇರುವೆಗಳ ಪಾಲು. ಈ ಎರಡರ ನಡುವಿನ ಕೆಲವೇ ದಿನಗಳನ್ನು ಅರಿಯುವುದಕ್ಕೆ ಒಂದು ಜೀವಮಾನದ ಗಮನ ಬೇಕು. ಸಾವಧಾನವೆಂದರೆ ಇದೇ. ಅದು ತಡಮಾಡುವುದಲ್ಲ, ತಕ್ಕ ಕ್ಷಣವನ್ನು ತಪ್ಪಿಸಿಕೊಳ್ಳದಿರುವುದು.

ಆದರೆ ಈ ಇಬ್ಬರ ನಿಧಾನಕ್ಕೆ ಸಮಾಜವು ಕೊಟ್ಟ ಬೆಲೆಯೇನು? ದಶಕಗಳ ದಿನಗೂಲಿ, ಮುಪ್ಪಿನಲ್ಲಿ ಬಂದ ಪದಕ. ಎರಡೇ ತಿಂಗಳ ಅಂತರದಲ್ಲಿ ಒಂದು ತಾಲೂಕು ತನ್ನ ಹಾಡಿನ ಭಂಡಾರವನ್ನೂ ಬೀಜದ ಭಂಡಾರವನ್ನೂ ಕಳೆದುಕೊಂಡಿತು. ಹಾಲಕ್ಕಿಗಳ ಸುಗ್ಗಿ ಕುಣಿತದಲ್ಲಿ ತಲೆಯ ಮೇಲೆ ಬೆಂಡಿನ ತುರಾಯಿ ಧರಿಸಿದ ಗಂಡಸರು ಹೋಳಿಯ ದಿನಗಳಲ್ಲಿ ಇಂದಿಗೂ ಕುಣಿಯುತ್ತಾರೆ. ಆದರೆ ನೆಟ್ಟಿಯ ಗದ್ದೆಯೇ ಕಡಿಮೆಯಾದರೆ ನೆಟ್ಟಿಯ ಹಾಡು ಎಲ್ಲಿ ನಿಲ್ಲಬೇಕು? ಧ್ವನಿಮುದ್ರಿಕೆಯಲ್ಲಿ ರಾಗ ಉಳಿಯಬಹುದು. ರಾಗಕ್ಕೆ ಕಾರಣವಾದ ಕೆಸರು ಉಳಿಯದು.

ವೇಗವು ಈ ನಾಡನ್ನು ಈಗಾಗಲೇ ಪ್ರವೇಶಿಸಿದೆ. ೧೯೮೬ರಲ್ಲಿ ಅಡಿಗಲ್ಲಿಟ್ಟ ಸೀಬರ್ಡ್ ಯೋಜನೆಯ ಫಲವಾಗಿ ೨೦೦೫ರಲ್ಲಿ ಅರಗಾದ ಬಳಿ ಕದಂಬ ನೌಕಾನೆಲೆಯು ಕಾರ್ಯಾರಂಭ ಮಾಡಿತು. ದೇಶದ ರಕ್ಷಣೆಗೆ ಅದು ಬೇಕಾದದ್ದೇ. ಆದರೆ ಅದಕ್ಕಾಗಿ ಕಾರವಾರ, ಅಂಕೋಲೆಗಳ ಕಡಲಂಚಿನ ಹಲವು ಗ್ರಾಮಗಳ ಒಕ್ಕಲಿಗರೂ ಮೀನುಗಾರರೂ ಮನೆ, ಗದ್ದೆ, ತೀರಗಳನ್ನು ಬಿಟ್ಟುಕೊಟ್ಟರು. ೧೯೯೮ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆಯಿತು. ಹೆದ್ದಾರಿಯು ಚತುಷ್ಪಥವಾಗತೊಡಗಿತು. ದೂರ ಹತ್ತಿರವಾಯಿತು, ಆಸ್ಪತ್ರೆ, ಕಾಲೇಜು, ಮಾರುಕಟ್ಟೆಗಳು ಕೈಗೆಟುಕಿದವು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೂ ೨೦೨೪ರ ಮಳೆಗಾಲವು ಒಂದು ಪಾಠವನ್ನು ಹೇಳಿ ಹೋಯಿತು. ಜುಲೈ ೧೬ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಯೊಳಕ್ಕೆ ಸರಿಯಿತು. ದಾರಿಬದಿಯ ಚಹದ ಅಂಗಡಿ, ಅಲ್ಲಿ ತಂಗಿದ್ದ ವಾಹನಗಳು, ಹಲವು ಜೀವಗಳು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಸೇರಿಹೋದವು. ಉಕ್ಕಿದ ನೀರು ಆಚೆಯ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ ೭ರ ನಡುರಾತ್ರಿ, ಕಾರವಾರದಲ್ಲಿ ಕಾಳೀ ನದಿಯ ಹಳೆಯ ಸೇತುವೆಯು ಮುರಿದು ಬಿದ್ದಿತು. ಲಾರಿಯೊಂದು ನದಿಗೆ ಉರುಳಿತು, ಚಾಲಕನನ್ನು ಜೀವಂತವಾಗಿ ಮೇಲೆತ್ತಲಾಯಿತು. ರವೀಂದ್ರರು ಬೆಳುದಿಂಗಳಲ್ಲಿ ದೋಣಿ ನಡೆಸಿದ ನದಿಯೇ ಅದು. ಗುಡ್ಡಕ್ಕೂ ಒಂದು ನಡಿಗೆಯಿದೆ, ನೀರಿಗೂ ಒಂದು ದಾರಿಯಿದೆ. ಅದನ್ನು ಸಾವಧಾನವಾಗಿ ನೋಡಿ ತಿಳಿಯುವ ಕಣ್ಣು ಇಲ್ಲವಾದಾಗ ಅವಸರದ ದಾರಿಯೇ ಅಪಾಯದ ದಾರಿಯಾಗುತ್ತದೆ. ಗಮನವೆಂಬುದು ಕವಿಗಳ ವಿಲಾಸವಲ್ಲ. ಅದು ಜೀವ ಉಳಿಸುವ ವಿದ್ಯೆ.

ಹಾಗಾದರೆ ಎಲ್ಲರೂ ಊರಿಗೆ ಮರಳಬೇಕೆ? ಅದು ಆಗುವ ಮಾತಲ್ಲ. ದೇಸಾಯಿಯವರು ಹೋಗಲೇಬೇಕಾಯಿತು, ಚಿತ್ತಾಲರೂ ಹೋದರು. ಹೋದವರಿಂದಲೇ ಉಳಿದವರಿಗೆ ಎಷ್ಟೋ ಉಪಕಾರವಾಗಿದೆ. ಕೇಳಬೇಕಾದ ಪ್ರಶ್ನೆ ಬೇರೆ. ಉಳಿದು ದುಡಿಯುವವನಿಗೆ ಗೌರವದಿಂದ ಬದುಕುವ ಅನುಕೂಲವನ್ನು ಸಮಾಜ ಕಲ್ಪಿಸಿದೆಯೇ? ಸುಕ್ರಿಯವರ ಹಾಡನ್ನು ಕಲಿಯುವ ಹುಡುಗಿಗೆ, ತುಳಸಿಯವರ ಬೀಜವಿದ್ಯೆಯನ್ನು ಕಲಿಯುವ ಹುಡುಗನಿಗೆ ಮುಪ್ಪಿನವರೆಗೆ ಕಾಯಬೇಕಾಗಿಲ್ಲವೆಂಬ ಆಶ್ವಾಸನೆಯಿದೆಯೇ? ಹಳ್ಳಿಯ ನಿಧಾನವನ್ನು ಹೊಗಳಿ, ಹಳ್ಳಿಯ ಬಡತನವನ್ನು ಹಾಗೆಯೇ ಬಿಡುವುದು ಒಂದು ಬಗೆಯ ಆತ್ಮವಂಚನೆ.

ಶಾಲೆಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಗೌರೀಶರೂ ವಿಷ್ಣು ನಾಯ್ಕರೂ ಶಿಕ್ಷಕರಾಗಿದ್ದುದು ಕೇವಲ ಆಕಸ್ಮಿಕವಲ್ಲ. ಪ್ರತಿ ವರ್ಷವೂ ಅದೇ ಪಾಠವನ್ನು ಹೊಸ ಮಕ್ಕಳಿಗೆ ಹೊಸದಾಗಿ ಹೇಳುವವನಿಗೆ ಕಾಯುವ ವಿದ್ಯೆ ತಾನಾಗಿ ಸಿದ್ಧಿಸುತ್ತದೆ. ಕಾಯಕವೆಂಬ ಮಾತನ್ನು ಬಲ್ಲ ನಾಡಿಗೆ, ಕೆಲಸದ ಬೆಲೆಯಿರುವುದು ಅದರ ವೇಗದಲ್ಲಲ್ಲ, ಅದರಲ್ಲಿಟ್ಟ ಮನಸ್ಸಿನಲ್ಲಿ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ದಾನಿಯೊಬ್ಬರು ಕೊಟ್ಟ ಹಣದಿಂದ ಗ್ರಂಥಾಲಯಕ್ಕೆ ಒಂದು ಕಪಾಟು ಬರಬಹುದು. ಹಳೆಯ ವಿದ್ಯಾರ್ಥಿಯೊಬ್ಬರ ನೆರವಿನಿಂದ ಅಂಗಳದ ಮೂಲೆಯಲ್ಲಿ ಒಂದು ಸಸಿತೋಟ ಏಳಬಹುದು. ಆ ಕಪಾಟಿನ ಮುಂದೆ ಮಗುವೊಂದು ಗಂಟೆಯ ಭಯವಿಲ್ಲದೆ ನಿಲ್ಲುವಂತಾದರೆ, ಆ ತೋಟದಲ್ಲಿ ತಾನಿಟ್ಟ ಬೀಜಕ್ಕಾಗಿ ಮಗುವೊಂದು ಹದಿನೈದು ದಿನ ಕಾಯಲು ಕಲಿತರೆ, ಕೊಟ್ಟದ್ದು ಸಾರ್ಥಕ.

ತರಗತಿಯಲ್ಲಿ ಪ್ರಶ್ನೆ ಕೇಳಿದೊಡನೆ ಹತ್ತು ಕೈಗಳು ಮೇಲೇಳುತ್ತವೆ. ಹಿಂದಿನ ಸಾಲಿನಲ್ಲಿ ಒಂದು ಮಗು ಮಾತ್ರ ಕೈಯೆತ್ತದೆ ಕಿಟಕಿಯ ಕಡೆ ನೋಡುತ್ತ ಏನನ್ನೋ ಯೋಚಿಸುತ್ತಿರುತ್ತದೆ. ಅದಕ್ಕೆ ಉತ್ತರ ತಿಳಿದಿಲ್ಲವೆಂದು ಮಾಸ್ತರರು ಮುಂದೆ ಸಾಗುವುದುಂಟು. ಹಾಗೆ ಸಾಗದೆ, ಆ ಮಗುವಿನ ಮುಂದೆ ಇನ್ನೊಂದು ಕ್ಷಣ ಸಾವಧಾನವಾಗಿ ನಿಲ್ಲುವ ಗುರು ಪ್ರತಿ ಶಾಲೆಗೂ ಬೇಕು. ಆ ಮಗು ಕೊಡುವ ಉತ್ತರ ಪುಸ್ತಕದಲ್ಲಿರುವುದೇ ಆಗಬೇಕೆಂದಿಲ್ಲ.